ಹನ್ನೆರಡು ಪೌಂಡ್ ಗಾಳಿ

ತೇಜಸ್ವಿನಿ ಟ್ರ್ಯಾಕ್ಟರಿನ ಹಿಂದಿನ ಟೈರಿನಿಂದ ಗಾಳಿ ಬಿಡುತ್ತಿರುವುದನ್ನು ಕಂಡು ಅಪ್ಪ ಮುರುಗೇಶಪ್ಪ ಬದುವಿನಿಂದಲೇ ಕೂಗಿದರು. “ಲೇ, ಟೈರು ಕಲ್ಲಿದ್ದಂಗೆ ಇರ್ಬೇಕು! ಗಾಳಿ ಯಾಕೆ ಬಿಡ್ತೀಯ?”

“ಹೊಲಕ್ಕೆ ಹನ್ನೆರಡು ಪೌಂಡ್ ಸಾಕಪ್ಪ. ಟೈರು ಗಟ್ಟಿ ಇದ್ರೆ ಮಣ್ಣೂ ಗಟ್ಟಿ ಆಗ್ತೈತೆ, ಮೆತ್ತಗಿದ್ರೆ ಭಾರ ಹರಡ್ತೈತೆ.”

“ಮೂವತ್ತು ವರ್ಷದಿಂದ ಓಡಿಸ್ತಿದೀನಿ. ನನಿಗೆ ಹೇಳ್ಕೊಡ್ತೀಯ?”

ಅವಳು ಟ್ರ್ಯಾಕ್ಟರ್ ಹತ್ತಿದಳು. ಈರುಳ್ಳಿ ಬಿತ್ತಲು ಹದ ಮಾಡಿದ್ದ ಹೊಲದಲ್ಲಿ ಒಂದು ಸುತ್ತು ಹೊಡೆದು ನಿಲ್ಲಿಸಿದಳು. ಮುರುಗೇಶಪ್ಪ ದುಮುಗುಡುತ್ತ ನಡೆದು ಬಂದು ಟೈರಿನ ಗುರುತಿನಲ್ಲಿ ಬೆರಳಿಟ್ಟು ಆಳ ನೋಡಿದರು. ಮೊದಲ ಗೆಣ್ಣೂ ಮುಳುಗಲಿಲ್ಲ. ಮಗಳು ಅವರ ಹಿಂದಕ್ಕೆ ಕೈ ತೋರಿಸಿದಳು. ಬದುವಿನಿಂದ ಅಲ್ಲಿಯವರೆಗೂ ಅವರದೇ ಹೆಜ್ಜೆಗಳು. ಹಿಮ್ಮಡಿ ಊರಿದ ಗುಂಡಿಯೊಂದರಲ್ಲಿ ಬೆರಳಿಟ್ಟರು. ಎರಡು ಗೆಣ್ಣು ಮುಳುಗಿತು.

ಮುರುಗೇಶಪ್ಪ ಮೆಲ್ಲಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು.

“ಗಾಳಿ ಜಾಸ್ತಿ ಆಗಿದ್ದು ನನಿಗೇ ಕಣವ್ವ.”