ಅಕ್ಕೋರು ಮುಟ್ಟದ ಡಬ್ಬಿ

ಊರಿನ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ದಿನೇಶ ತನ್ನ ತಂತಿ ಬಿಚ್ಚಿಕೊಂಡು ಹೋಗಲು ಬಂದಿದ್ದ. "ಆಚೆಮನೆದು ಮೊದ್ಲು ಮುಗಿಸ್ತೆ, ನಿಮ್ದು ಕಡಿಗೆ. ಅಷ್ಟರೊಳಗೆ ವೈಫೈ ಡಬ್ಬಿ ತೆಗೆದಿಡಿ ಅಕ್ಕೋರೇ" ಎಂದು ಗೇಟಿನಾಚೆಯಿಂದಲೇ ಕೂಗಿದ. ಒಳಗೆ ಬಾ ಅಂದರೂ ಬರಲಿಲ್ಲ. ಕರ್ಕಿಯ ಶಾಲೆಯಲ್ಲಿ ಅವನಿಗೆ ಮಗ್ಗಿ ಕಲಿಸಿದ ನರ್ಮದಾ ಅಕ್ಕೋರಿಗೆ ಅವನ ಮುಖ ನೋಡುವಾಗ ಒಂದು ನಮೂನೆ ಆಯಿತು.

ಡಬ್ಬಿ ಕೊಡುವ ಮೊದಲು ಅದರಲ್ಲಿದ್ದ ಮನೆಯ ಪಾಸ್‌ವರ್ಡ್ ಅಳಿಸಿಬಿಡೋಣವೆಂದು ಮಗಳು ಶ್ರೇಯಾ ಲ್ಯಾಪ್‌ಟಾಪ್ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಾಯಿತು.

"ಆಯಿ, ಇಲ್ಲಿ ಬಾ. ಇದ್ರಲ್ಲಿ ಯಾರೋ ಬೇರೆ ಡಿಎನ್‌ಎಸ್ ನಂಬರ್ ಹಾಕಿಟ್ಟಿದ್ದ."

"ಎಂತದೇ ಅದು?"

"ಯಾವ ಪೇಜ್ ತೆಗೆಯವು ಅಂದ್ರೂ ಅದರ ವಿಳಾಸ ಎಲ್ಲಿದ್ದು ಹೇಳಿ ಮೊದಲು ಕೇಳವು. ಈ ಡಬ್ಬಿ ಅದನ್ನ ಯಾವುದೋ ದೂರದ ದೇಶಕ್ಕೆ ಹೋಗಿ ಕೇಳ್ತಾ ಇತ್ತು. ಅಲ್ಲಿಂದ ಉತ್ತರ ಬಪ್ಪಲೇ ಅಷ್ಟು ತಡ. ದಿನೇಶಣ್ಣನ ಲೈನಿಗೆ ಎಂತೂ ಆಗಿತ್ತಿಲ್ಲೆ."

ಶ್ರೇಯಾ ಆ ನಂಬರುಗಳನ್ನು ಅಳಿಸಿದಳು. ಡಬ್ಬಿಯ ದೀಪ ಒಮ್ಮೆ ಆರಿ ಮತ್ತೆ ಹತ್ತಿತು. ಇಷ್ಟು ತಿಂಗಳು ಗರಗರ ತಿರುಗಿ ಜೀವ ಹಿಂಡಿದ ಪುಟಗಳೆಲ್ಲ ಈಗ ಬೆರಳು ತಾಗಿದ ಕೂಡಲೇ ತೆರೆದುಕೊಂಡವು. ಈಗ ಮನೆಗೆ ಹಾಕಿಸಿಕೊಂಡ ದೊಡ್ಡ ಕಂಪನಿಯ ಹೊಸ ನೆಟ್ಟಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವೂ ಕಾಣಲಿಲ್ಲ.

ಅಕ್ಕೋರಿಗೆ ಈಗ ಅರ್ಥವಾಯಿತು. ಆ ನಂಬರು ಹಾಕಿದ್ದು ಅವರೇ. ಹಾಳು ಸೈಟುಗಳು ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯುತ್ತದೆ ಎಂಬ ವಿಡಿಯೋ ಒಂದನ್ನು ಯಾರೋ ಕಳಿಸಿದ್ದರು. ಶ್ರೇಯಾ ಪಿಯುಸಿಗೆ ಸೇರಿದ ವರ್ಷ, ಅವಳು ಮನೆಯಲ್ಲಿಲ್ಲದಾಗ, ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕೆ ಒತ್ತಿ ಹಾಕಿದ್ದರು. ನೆಟ್ ನಿಧಾನವಾದದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಎರಡಕ್ಕೂ ಸಂಬಂಧ ಇದ್ದೀತೆಂದು ಅವರಿಗೆ ಹೊಳೆಯಲೂ ಇಲ್ಲ.

ಆದರೆ ನೆಟ್ ನಿಧಾನವೆಂದು ದೂರು ಕೊಟ್ಟಾಗ ದಿನೇಶ ಕೇಳಿದ್ದ. "ಲೈನ್ ಸಮ ಅದೆ, ಮೀಟರೂ ಸಮ ತೋರಿಸ್ತದೆ. ಡಬ್ಬಿ ಒಳಗೆ ಎಂತಾದ್ರೂ ಮುಟ್ಟಿದ್ರಾ ಅಕ್ಕೋರೇ?" ಎಂದು ನೇರವಾಗಿಯೇ ಕೇಳಿದ್ದ. ಶ್ರೇಯಾ ಪಕ್ಕದಲ್ಲೇ ನಿಂತಿದ್ದಳು. ನಿನ್ನ ಮೇಲೆ ಕಾವಲಿಟ್ಟಿದ್ದೆ ಎಂದು ಬೆಳೆದ ಮಗಳೆದುರು ಹೇಗೆ ಹೇಳುವುದು? "ಇಲ್ಲಪ್ಪ, ನಾವು ಎಂತದೂ ಮುಟ್ಟಲಿಲ್ಲ" ಅಂದುಬಿಟ್ಟರು. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು!

ಆಮೇಲೆ ದೊಡ್ಡ ಕಂಪನಿಯವನು ತನ್ನದೇ ಹೊಸ ಡಬ್ಬಿ ಹಿಡಿದು ಬಂದ. ಎರಡನ್ನೂ ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ಪರೀಕ್ಷೆ ನಡೆಯಿತು. ಹೊಸದು ಓಡಿತು, ದಿನೇಶನದು ಕುಂಟಿತು. ಅಕ್ಕೋರು ಉತ್ತರಪತ್ರಿಕೆ ತಿದ್ದುವ ಗತ್ತಿನಲ್ಲೇ ದಿನೇಶನ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಬರೆದರು: "ಎರಡನ್ನೂ ನಾನೇ ಹೋಲಿಸಿ ನೋಡಿದೆ. ದಿನೇಶನ ನೆಟ್ ಪ್ರಯೋಜನವಿಲ್ಲ." ಅಕ್ಕೋರೇ ಹೇಳಿದ ಮೇಲೆ ಮತ್ತೆ ಕೇಳುವುದೇನಿದೆ? ನೆಟ್ ಚೆನ್ನಾಗಿ ಓಡುತ್ತಿದ್ದ ಮನೆಗಳಿಗೂ ತಮ್ಮದು ನಿಧಾನವೆಂದು ಅನಿಸತೊಡಗಿತು. ಒಬ್ಬರ ಹಿಂದೆ ಒಬ್ಬರು ಬಿಟ್ಟರು.

"ನೀನಾ ಆಯಿ?" ಶ್ರೇಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಹೌದೇ ಕೂಸೆ. ಆನೇ ಹಾಕಿದ್ದು."

"ನನ್ನ ಮೇಲೆ ಅಷ್ಟೂ ನಂಬಿಕೆ ಇತ್ತಿಲ್ಯ?" ಲ್ಯಾಪ್‌ಟಾಪ್ ಮುಚ್ಚಿ ಡಬ್ಬಿಯನ್ನು ತಾಯಿಯ ಕೈಗಿತ್ತಳು. "ನನ್ನ ವಿಷಯ ಇರ್ಲಿ. ಮೊದಲು ಅವಂಗೆ ಹೇಳು."

ಅಕ್ಕೋರು ಗೇಟಿನ ತನಕ ಹೋದರು. ದಿನೇಶ ಇವರ ಮನೆಯ ತಂತಿಯನ್ನೂ ತೆಂಗಿನ ಮರದಿಂದ ಬಿಡಿಸಿ ಸುತ್ತತೊಡಗಿದ್ದ.

"ಮುಂದೆಂತ ಮಾಡ್ತೀಯ ದಿನೇಶ?"

"ಮತ್ತೆಂತದು, ಅಪ್ಪನ ಸಂಗ್ತಿಗೆ ಬೋಟಿಗೆ ಹೋಗುದು. ಅಣ್ಣ ಕಡಲಲ್ಲಿ ಮುಳುಗಿ ಹೋದ ಮೇಲೆ ನೀನಾದ್ರೂ ನೀರಿಗೆ ಇಳೀಬೇಡ ಅಂತ ಹೆತ್ತ ಅಬ್ಬಿ ಹಟ ಹಿಡಿದಿದ್ಲು. ಅದಕ್ಕೇ ಈ ಕೆಲಸ ಹಿಡಿದದ್ದು. ಈಗ ಮೂಲೇಲಿ ಕೂತು ಅಳ್ತಾಳೆ." ಅವನು ತಂತಿಯ ಸುರುಳಿಯನ್ನು ಹೆಗಲಿಗೇರಿಸಿದ. "ನಿಮ್ಮ ಮೇಲೆ ಬೇಜಾರಿಲ್ಲ ಅಕ್ಕೋರೇ. ಬೇರೆಯವರ ಮನೇಲಿ ಕಂಪ್ಲೇಂಟ್ ಬಂದ್ರೆ ಡಬ್ಬಿ ಒಳಗೆ ಹೊಕ್ಕು ಎಲ್ಲ ನೋಡ್ತಿದ್ದೆ. ನಿಮ್ಮ ಮನೇದೊಂದು ನೋಡ್ಲಿಲ್ಲ. ನೀವೇ ಮುಟ್ಟಲಿಲ್ಲ ಅಂದ ಮೇಲೆ ಮತ್ತೆಂತ ನೋಡುದು, ಅಲ್ರಾ?"

ಅಕ್ಕೋರು ಡಬ್ಬಿಯನ್ನು ಅವನ ಕೈಯಲ್ಲಿಟ್ಟು ತಿರುಗಿ ಬಂದು ಜಗಲಿಯ ಮೇಲೆ ಕೂತರು. ಫೋನು ತೆಗೆದು ದಿನೇಶನ ಗಿರಾಕಿಗಳ ಆ ಗ್ರೂಪಿನಲ್ಲಿ ಒಂದನ್ನೂ ಮುಚ್ಚಿಡದೆ ಬರೆದರು. ನಂಬರು ಹಾಕಿದ್ದು ನಾನು, ಸುಳ್ಳು ಹೇಳಿದ್ದೂ ನಾನು, ದಿನೇಶನ ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ, ದಯವಿಟ್ಟು ಎಲ್ಲರೂ ಓದಿ.

ಕಳಿಸಿದ ಮೇಲೆ ಕಣ್ಣೊರೆಸಿಕೊಂಡು ಗ್ರೂಪಿನಲ್ಲಿದ್ದವರ ಪಟ್ಟಿ ನೋಡಿದರು. ನೆಟ್ ಬಿಟ್ಟ ಬೇರೆಯವರೆಲ್ಲ ಗ್ರೂಪನ್ನೂ ಬಿಟ್ಟು ಹೋಗಿದ್ದರು. ಉಳಿದಿದ್ದವರು ಇಬ್ಬರೇ, ಒಬ್ಬರು ತಾವು.

ಗೇಟಿನಾಚೆ, ತಂತಿ ಹೊತ್ತು ನಡೆಯುತ್ತಿದ್ದವನ ಜೇಬಿನಲ್ಲಿ ಫೋನು ಟಿಂಗ್ ಎಂದಿತು.