ಕುಪ್ಪೆಮೇಡಿನ ಬೆಂಕಿಯಲ್ಲಿ ಕುದಿದ ಸಾರು

ಸುಕೇಶನನ್ನು ಹೊರಗೆ ಕಳುಹಿಸದೆ ಪರೀಕ್ಷೆ ಶುರುವಾಗಕೂಡದು ಎಂದಳು ಹರ್ಷಿಣಿ.

ಮಧ್ಯಾಹ್ನ ಮೂರು ಗಂಟೆ. ಮೈಲಾಪೂರಿನ ಆ ಹೋಟೆಲಿನಲ್ಲಿ ಊಟ ಮುಗಿದು ಟಿಫಿನ್ ಶುರುವಾಗುವವರೆಗಿನ ಬಿಡುವು. ಶಟರ್ ಅರ್ಧ ಇಳಿದಿತ್ತು. ಮೇಜಿನ ಮೇಲೆ ಮೂರು ಸ್ಟೀಲ್ ಲೋಟ, ಮೂರರಲ್ಲೂ ಸಾರು. ಎರಡು ಮಾಮೂಲಿ ಸಿಲಿಂಡರಿನ ಬೆಂಕಿಯಲ್ಲಿ ಕುದಿದದ್ದು, ಒಂದು ಕಸದ ಗ್ಯಾಸಿನಲ್ಲಿ. ಯಾವುದು ಎಂದು ಗೊತ್ತಿದ್ದದ್ದು ಅಜ್ಜಿ ತುಂಗಮ್ಮನಿಗೆ ಮಾತ್ರ. ಆ ಲೋಟದ ತಳಕ್ಕೆ ಅರಸಿನದ ಬೊಟ್ಟು ಇಟ್ಟವರು ಅವರೇ.

"ಅವ ಇದ್ದರೆ ಎಂತ?" ಎಂದರು ಯಜಮಾನ ಸುಬ್ರಾಯರು. "ಈ ಐದಾರು ವರ್ಷ ನಾನು ರುಚಿ ನೋಡುವಾಗ ಅವ ಎದುರಿಗೇ ನಿಲ್ಲುವುದು."

"ಅದುದಾನ್, ಅದೇ ಪ್ರಾಬ್ಲಮ್, ಅಜ್ಜ. ಸುಕೇಶಣ್ಣ ಕಣ್ಣಲ್ಲೇ ಎಲ್ಲ ಹೇಳಿಬಿಡ್ತಾರೆ."

ಅಡುಗೆಯ ಸುಕೇಶ ಗೊಣಗುತ್ತಾ ಶಟರಿನಡಿ ಬಗ್ಗಿ ಬೀದಿಗೆ ಹೋದ. ಸುಬ್ರಾಯರು ಅವನ ಬೆನ್ನನ್ನು ತುಸು ಹೆಚ್ಚು ಹೊತ್ತೇ ನೋಡಿದರು.

ಹರ್ಷಿಣಿ ಅವರ ಮೊಮ್ಮಗಳು. ಊರಾಚೆಯ ಕಸದ ಗುಡ್ಡದಲ್ಲಿ, ಜನ ಕುಪ್ಪೆಮೇಡು ಎನ್ನುವಲ್ಲಿ, ಎಂಜಿನಿಯರ್. ಕೊಳೆಯುವ ಕಸ ತಾನಾಗಿಯೇ ಗ್ಯಾಸ್ ಬಿಡುತ್ತದೆ. ಮೊದಲು ಅದು ಆಗಾಗ ಹೊತ್ತಿಕೊಂಡು ಸುತ್ತಲಿನವರ ಕಣ್ಣು ಉರಿಸುತ್ತಿತ್ತು. ಈಗ ಗುಡ್ಡದ ಹೊಟ್ಟೆಗೆ ಪೈಪು ಇಳಿಸಿ, ಹೀರಿ, ತೊಳೆದು, ಕರೆಂಟು ಮಾಡುತ್ತಾರೆ. ಮಿಕ್ಕಿದ್ದನ್ನು ಸಿಲಿಂಡರಿಗೆ ತುಂಬಿ ಹೋಟೆಲುಗಳಿಗೆ ಕೊಡೋಣ ಎಂಬುದು ಹರ್ಷಿಣಿಯ ಯೋಜನೆ. ಎರಡು ವರ್ಷದ ದುಡಿಮೆ. ಮೈಲಾಪೂರಿನ ಐದು ಹೋಟೆಲುಗಳಿಗೆ ಹೋಗಿದ್ದಳು. ಐವರೂ ಒಂದೇ ಉತ್ತರ ಕೊಟ್ಟರು: ಮೊದಲು ಸುಬ್ರಾಯರ ನಾಲಗೆ ಒಪ್ಪಲಿ. ಸೋಮವಾರದೊಳಗೆ ಒಂದಾದರೂ ಸಹಿ ಬೀಳದಿದ್ದರೆ ಕಂಪನಿ ಯೋಜನೆಯನ್ನು ಮುಚ್ಚಲಿತ್ತು.

ಸುಬ್ರಾಯರು ಒಪ್ಪಿರಲಿಲ್ಲ. ಆ ಗುಡ್ಡದಲ್ಲಿ ಊರಿನ ಎಂಜಲೆಲ್ಲ ಉಂಟು, ಕಾಸಿಮೇಡು ಬಂದರಿನ ಮೀನಿನ ತಲೆಗಳೂ ಉಂಟು, ದೇವರ ದರ್ಶನ ಮಾಡಿ ಬಂದವರಿಗೆ ಆ ಬೆಂಕಿಯ ಸಾರು ಬಡಿಸುವುದೇ ಎಂದು ಕೇಳಿದ್ದರು. ಮಣಲಿಯ ಎಣ್ಣೆ ಕಾರ್ಖಾನೆಯಿಂದ ಬರುವ ಗ್ಯಾಸೂ ಕೋಟ್ಯಂತರ ವರ್ಷದ ಹಿಂದೆ ಸತ್ತ ಜೀವಿಗಳದ್ದೇ, ಅದು ಮಡಿಯೋ ಎಂದು ಹರ್ಷಿಣಿ ಕೆಣಕಿದ್ದಳು.

"ಸತ್ತು ಅಷ್ಟು ವರ್ಷ ಆದರೆ ಸೂತಕ ಇಲ್ಲ," ಎಂದಿದ್ದರು ಸುಬ್ರಾಯರು.

ಅವರ ನಾಲಗೆಗೆ ಬೀದಿಯೇ ಹೆದರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಅಂಗೈಗೆ ಒಂದು ಚಮಚ ಸಾರು. ನೆಕ್ಕುತ್ತಾರೆ. ಸುಕೇಶನನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. "ಹುಳಿ ಹೆಚ್ಚಾಯಿತಲ್ಲ ಮಾರಾಯ?" ಎನ್ನುತ್ತಾರೆ. ಹೆಚ್ಚಾಗಿಯೇ ಇರುತ್ತದೆ. ಕೈ ಜಾರಿದ್ದು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಸುಕೇಶ ಬೆವರುತ್ತಾನೆ. ಐದಾರು ವರ್ಷದ ಹಿಂದೆ ಊರಿಗೆಲ್ಲ ಬಂದ ಜ್ವರದಲ್ಲಿ ಹದಿನೈದು ದಿನ ಮಲಗಿ ಎದ್ದ ಮೇಲೆ ಯಜಮಾನರ ನಾಲಗೆ ಇನ್ನೂ ಹರಿತವಾಗಿದೆ ಎಂದು ಹೇಳಿಕೊಂಡು ತಿರುಗಿದವನೂ ಅವನೇ.

ಹರ್ಷಿಣಿಗೆ ನಾಲಗೆಗಿಂತ ತಕ್ಕಡಿಯಲ್ಲಿ ನಂಬಿಕೆ. ಪಾತ್ರೆಯ ಕೆಳಗಿನ ಗ್ಯಾಸು ಪಾತ್ರೆಯೊಳಗಿನ ರುಚಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಮೂರು ಪಾತ್ರೆಗೂ ಬೇಳೆ, ಹುಣಸೆ, ಬೆಲ್ಲ, ಸಾರಿನ ಪುಡಿ, ನೀರು, ಎಲ್ಲವನ್ನೂ ಗ್ರಾಮಿನ ಲೆಕ್ಕದಲ್ಲಿ ತೂಗಿ ಕೊಟ್ಟಿದ್ದಳು. ಗಡಿಯಾರ ನೋಡಿ ಹನ್ನೆರಡನೆಯ ನಿಮಿಷಕ್ಕೆ ಸರಿಯಾಗಿ ಇಳಿಸುವಂತೆ ಮಾಡಿದ್ದಳು. ಸುಕೇಶ ಕೈಯಳತೆಯ ಮನುಷ್ಯ. ಇಳಿಸುವ ಮುಂಚೆ ಪಾತ್ರೆಯ ಮೇಲೆ ಒಮ್ಮೆ ಮುಷ್ಟಿ ಆಡಿಸುವುದು ಅವನ ಪದ್ಧತಿ. "ಇವತ್ತು ಕೈ ಬೇಡ ಸುಕೇಶಣ್ಣ, ಬರೀ ತಕ್ಕಡಿ," ಎಂದು ಅವಳು ತಡೆದಿದ್ದಳು.

ಸುಬ್ರಾಯರು ಮೊದಲ ಲೋಟ ಎತ್ತಿದರು. ಕಣ್ಣು ಮುಚ್ಚಲಿಲ್ಲ. ಗುಟುಕರಿಸುತ್ತಾ ಹೆಂಡತಿಯನ್ನೇ ನೋಡಿದರು. ಮದುವೆಯಾಗಿ ನಲವತ್ತೆಂಟು ವರ್ಷವಾಗಿದ್ದರೂ ತುಂಗಮ್ಮ ಸೆರಗು ಸರಿಮಾಡಿಕೊಂಡರು.

ಎರಡನೆಯ ಲೋಟ. ತುಂಗಮ್ಮನಿಗೆ ತಟ್ಟನೆ ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತಿ ಹುಟ್ಟಿತು.

ಮೂರನೆಯದು. ತುಂಗಮ್ಮ ಮತ್ತೆ ಗಂಡನ ಕಡೆ ತಿರುಗಿದರು.

ಸುಬ್ರಾಯರು ಬಾಯಿ ಒರೆಸಿಕೊಂಡರು. "ಹದ ಮೂರರದ್ದೂ ಒಂದೇ. ಸುಕೇಶನ ಕೈ ಅಂದರೆ ಕೈ. ಆದರೆ ಎರಡನೆಯದ್ದು ನಿನ್ನ ಕುಪ್ಪೆಮೇಡು."

ತುಂಗಮ್ಮ ಲೋಟ ಎತ್ತಿ ತಳ ತೋರಿಸಿದರು. ಹಳದಿ ಬೊಟ್ಟು.

ಹರ್ಷಿಣಿ ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಎರಡು ವರ್ಷ ಒಂದು ಗುಟುಕಿನಲ್ಲಿ ಮುಗಿದಿತ್ತು. ಆ ಹೋಟೆಲಿನಲ್ಲಿ ಸಾರು ಚೆಲ್ಲುವ ಪದ್ಧತಿಯಿಲ್ಲ. ಸೋತವಳೇ ಕುಡಿಯಬೇಕಲ್ಲ ಎಂದು ಎರಡನೆಯ ಲೋಟವನ್ನು ಬಾಯಿಗೆ ಹಿಡಿದಳು.

ಒಂದು ಗುಟುಕಿಗೇ ನಿಲ್ಲಿಸಿದಳು. ಮೊದಲನೆಯದರಿಂದ ಒಂದು ಗುಟುಕು ಕುಡಿದಳು. ಮೂರನೆಯದರಿಂದಲೂ ಒಂದು ಗುಟುಕು.

ಆಮೇಲೆ ಬಗ್ಗಿ ಅಜ್ಜನ ಕಿವಿಯಲ್ಲಿ ಒಂದು ಮಾತು ಹೇಳಿದಳು.

ಸುಬ್ರಾಯರ ಮುಖದ ಮೇಲಿನ ಗೆಲುವು ಮೆಲ್ಲಗೆ ಕೆಳಗಿಳಿಯಿತು. ತುಂಗಮ್ಮ ದೂರದಲ್ಲಿ ಕುರ್ಚಿ ಜೋಡಿಸುತ್ತಿದ್ದುದನ್ನು ಖಚಿತಪಡಿಸಿಕೊಂಡು, "ನಿನ್ನ ಅಜ್ಜಿಗೆ ಗೊತ್ತಾಗುವುದು ಬೇಡ," ಎಂದರು. "ಸುಕೇಶನಿಗಂತೂ ಬೇಡವೇ ಬೇಡ."

"ಸತ್ಯವಾಗ್ಲೂ ಹೇಳಲ್ಲ ಅಜ್ಜ. ನಾಳೆಯಿಂದ ಐದೂವರೆಗೆ ನಾನೂ ಬರ್ತೀನಿ. ನಿಮ್ಮ ಪಕ್ಕ ನಿಲ್ತೀನಿ."

ಅವರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಬಳಿಕ ಕೈ ಚಾಚಿ ಪತ್ರ ಕೇಳಿದರು. ಮಡಿಕೆ ಬಿಡಿಸಿ ಸಹಿ ಹಾಕಿದರು. ತುಂಗಮ್ಮ ಬೆರಗಾಗಿ ಬಂದಾಗ, ಕಸದ್ದು ಯಾವುದು ಎಂದು ಹೇಳಿದೆನೇ ಹೊರತು ಕೆಟ್ಟದ್ದು ಎಂದು ಹೇಳಲಿಲ್ಲವಲ್ಲ, ನಿಜ ಹೇಳಬೇಕೆಂದರೆ ಅದಕ್ಕೇ ರುಚಿ ಒಂದು ತೂಕ ಹೆಚ್ಚು ಎಂದು ವಿವರಿಸಿದರು.

ಹಾಗಾದರೆ ತಾನೂ ನೋಡುತ್ತೇನೆಂದು ತುಂಗಮ್ಮ ಲೋಟಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಹರ್ಷಿಣಿ ಮೂರನ್ನೂ ಬಾಚಿಕೊಂಡು ಹೋಗಿ ತೊಟ್ಟಿಗೆ ಸುರಿದಿದ್ದಳು. ಆ ಹೋಟೆಲಿನಲ್ಲಿ ಸಾರು ಚೆಲ್ಲಿದ್ದು ಅದೇ ಮೊದಲು.

ಅಜ್ಜನ ಕಿವಿಯಲ್ಲಿ ಅವಳು ಹೇಳಿದ್ದು ಇಷ್ಟೇ: "ಅಜ್ಜ, ಮೂರರಲ್ಲೂ ಉಪ್ಪೇ ಇಲ್ಲ."