ಮಾವನ ಗೊಬ್ಬರ

ಸತ್ತವರನ್ನು ಈಗ ಸುಡುವುದಿಲ್ಲ, ಹೂಳುವುದಿಲ್ಲ. ಮೂರು ತಿಂಗಳಿಗೆ ಚೀಲದಲ್ಲಿ ಗೊಬ್ಬರವಾಗಿ ಮನೆಗೆ ಬರುತ್ತಾರೆ. ಅದನ್ನು ಕುಂಡಕ್ಕೆ ತುಂಬುವ ಮುನ್ನ ನರ್ಸರಿಯ ಪುಟ್ಟತಾಯಮ್ಮ ಅದರಲ್ಲಿ ನಾಲ್ಕು ಅಲಸಂದೆ ಕಾಳು ಊರಿ, ವಿಷವೇನೂ ಇಲ್ಲವಲ್ಲ ಎಂದು ನೋಡುವುದು ವಾಡಿಕೆ.

ನಾಗಭೂಷಣ ತನ್ನ ಮಾವನ ಚೀಲ ಕೊಟ್ಟುಹೋಗಿ ಹತ್ತು ದಿನವಾಗಿತ್ತು. ಇಂದು ಬಂದವನಿಗೆ ಅವಳು ಸಸಿ ತೋರಿಸಿದಳು. ನಾಲ್ಕರ ಎಲೆಗಳೂ ಮುರುಟಿಕೊಂಡಿದ್ದವು.

"ಕಳೆನಾಶಕ ಸೇರಿದ್ರೆ ಮಾತ್ರ ಹಿಂಗಾಗೋದು. ಮಾವ ಹೆಂಗೆ ಹೋದ್ರಪ್ಪ?"

"ಹಾರ್ಟ್ ಅಟ್ಯಾಕ್," ಎಂದ ಅವನು, ಸಸಿಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತ. "ಇರ್ಲಿ, ಮಲ್ಲಿಗೆ ನೆಟ್ಟುಕೊಡಿ. ಕುಂಡ ಮಾತ್ರ ದೊಡ್ಡದಿರ್ಲಿ, ಅತ್ತೇದೂ ಅದಕ್ಕೇ ಹಾಕ್ಬೇಕು."

ಪುಟ್ಟತಾಯಮ್ಮ ಬೆಚ್ಚಿ ಗೇಟಿನ ಕಡೆ ನೋಡಿದಳು. ಹೊರಗೆ ಆಟೋದಲ್ಲಿ ಅವನ ಅತ್ತೆ ಕೂತಿದ್ದರು, ಅಳಿಯ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಕಾಫಿಯನ್ನು ಊದಿ ಊದಿ ಆರಿಸುತ್ತ.